ಒಂದೇ ಬಾಟಲಿಯವರು

ಆ ದಿನ ಬೆಳಿಗ್ಗೆ ಎದ್ದವಳೇ ದೋಸೆ ಹಿಟ್ಟಿಗೆ ಉಪ್ಪು ಬೆರೆಸಿದೆ. ಸಂಪಿನ ಮುಚ್ಚಳ ಎತ್ತಿ ನೋಡಿದೆ, ಕಾವೇರಿ ನೀರು ಬಂದಿತ್ತು, ಮೋಟಾರು ಹಾಕಿದೆ. ಅತ್ತೆಯ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಬೆಳಿಗ್ಗೆಗೆ, ರಾತ್ರಿಗೆ ಎಂದು ವಿಂಗಡಿಸಿಟ್ಟೆ. ಹೀರೇಕಾಯಿ ಹೆರೆದು ಸಿಪ್ಪೆಯನ್ನು ಚಟ್ನಿಗೆಂದು ಬೇರೆ ತೆಗೆದೆ. ಯಜಮಾನರ ಅಂಗಿಗೆ ಬಿದ್ದುಹೋಗಿದ್ದ ಗುಂಡಿ ಹಚ್ಚಿದೆ. ಗ್ಯಾಸ್ ಬುಕ್ ಮಾಡಿದೆ. ಜೆ.ಪಿ. ನಗರದಿಂದ ಬಸ್ಸು ಹಿಡಿದು ಜಯನಗರಕ್ಕೆ ಬಂದು, ಆಸ್ಪತ್ರೆಯ ಔಷಧದ ಫ್ರಿಜ್ಜಿನ ಉಷ್ಣತೆ ನೋಡಿ ಬರೆದೆ. ಹಿಂದಿನ ಸಂಜೆ ಬಂದಿದ್ದ ಕಣ್ಣಿನ ಹನಿಗಳ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿದೆ. ಅಷ್ಟರಲ್ಲಿ ಔಷಧ ನಿಯಂತ್ರಣ ಇಲಾಖೆಯ ಇನ್ಸ್‌ಪೆಕ್ಟರು ಬಂದರು.

ನಾನು ಈ ಸಣ್ಣ ಕಣ್ಣಾಸ್ಪತ್ರೆಯ ಔಷಧ ವಿಭಾಗ ನೋಡಿಕೊಳ್ಳುವವಳು. ಇನ್ಸ್‌ಪೆಕ್ಟರು ನಮಗೆ ಹೊಸಬರಲ್ಲ. ಬಿಲ್ಲು ನೋಡುತ್ತಾರೆ, ಅವಧಿ ಮೀರಿದ ಔಷಧವನ್ನು ಬೇರೆ ಇಟ್ಟಿದ್ದೇವೆಯೇ ಎಂದು ನೋಡುತ್ತಾರೆ, ಸಕ್ಕರೆ ಇಲ್ಲದ ಕಾಫಿ ಕುಡಿದು ಹೋಗುತ್ತಾರೆ. ಆ ದಿನ ಫ್ರಿಜ್ಜಿನ ಮೇಲಿನ ತಟ್ಟೆಯಿಂದ ಒಂದು ಪೆಟ್ಟಿಗೆ ತೆಗೆದು ಕೈಯಲ್ಲೇ ಹಿಡಿದು ನಿಂತರು.

“ಇದು ಕರುಳಿನ ಕ್ಯಾನ್ಸರ್ ಔಷಧಿ ಅಲ್ವಾ ಮೇಡಂ? ಕಣ್ಣಾಸ್ಪತ್ರೆಲಿ ಇದಕ್ಕೇನು ಕೆಲಸ?”

ಅವರಿಗೆ ಗೊತ್ತಿಲ್ಲದ್ದೇನಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಕೇಳಿದ್ದು. ನಾನೂ ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕಣ್ಣಿನ ಹಿಂಭಾಗದ ಪರದೆಯಲ್ಲಿ, ನಡುಮಧ್ಯದಲ್ಲೇ, ಬೇಡದ ಸಣ್ಣ ರಕ್ತನಾಳಗಳು ಹುಟ್ಟಿ ಸೋರುವ ಒಂದು ಕಾಯಿಲೆಯಿದೆ. ವಯಸ್ಸಾದವರಿಗೆ ಬರುತ್ತದೆ. ಸೋರಿಕೆ ನಿಲ್ಲಿಸದಿದ್ದರೆ ನೋಟದ ನಡುಭಾಗ ಹೋಗುತ್ತದೆ. ಎದುರಿಗೆ ಕೂತವರ ಕಿವಿ ಕಾಣುತ್ತದೆ, ಜಡೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಕ್ಯಾನ್ಸರ್ ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಈ ಔಷಧ ಕಣ್ಣಿನಲ್ಲೂ ಅದೇ ಕೆಲಸ ಮಾಡುತ್ತದೆ. ಕಣ್ಣಿಗೆಂದೇ ಒಪ್ಪಿಗೆ ಪಡೆದ ಬೇರೆ ಔಷಧ ಇದೆ, ಆದರೆ ತಿಂಗಳು ತಿಂಗಳೂ ಅದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿಗೆ ಬರುವವರಲ್ಲಿ ಬಹಳ ಜನಕ್ಕಿಲ್ಲ. ಹಾಗಾಗಿ ಡಾಕ್ಟರುಗಳು ಈ ಔಷಧವನ್ನೇ ಬಹಳ ಕಡೆ ಕೊಡುತ್ತಾರೆ. ನಮ್ಮ ಫ್ರಿಜ್ಜಿನಲ್ಲಿದ್ದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಮಾತ್ರ ಕಣ್ಣಿಗೆ ಕೊಡಬಹುದು ಎಂಬ ಒಂದು ಸಾಲೂ ಇರಲಿಲ್ಲ.

ಒಂದು ಕಣ್ಣಿಗೆ ಬೇಕಾದದ್ದು ಒಂದು ಹನಿಗಿಂತ ಹೆಚ್ಚಿಲ್ಲ. ಬಾಟಲಿಯಲ್ಲಿರುವುದು ಇಡೀ ದೇಹಕ್ಕೆ ಆಗುವಷ್ಟು. ಕೆಡದಂತೆ ಇಡುವ ರಾಸಾಯನಿಕ ಅದರಲ್ಲಿಲ್ಲ, ಒಮ್ಮೆ ಸೂಜಿ ಚುಚ್ಚಿದ ಬಾಟಲಿಯನ್ನು ಮತ್ತೆ ಎತ್ತಿಡುವಂತಿಲ್ಲ. ಆದ್ದರಿಂದ ಬೇಕಾದವರನ್ನೆಲ್ಲ ಒಂದೇ ಗುರುವಾರಕ್ಕೆ ಕರೆದು, ಒಂದು ಬಾಟಲಿಯನ್ನು ಅಷ್ಟೂ ಜನಕ್ಕೆ ಸಣ್ಣ ಸಿರಿಂಜುಗಳಲ್ಲಿ ಹಂಚುತ್ತಿದ್ದೆ. ಬಾಟಲಿಯ ಬೆಲೆಯೂ ಬಂದವರ ನಡುವೆ ಹಂಚಿಕೆ. ಒಬ್ಬರು ತಪ್ಪಿಸಿದರೆ ಉಳಿದವರ ಪಾಲು ಏರುತ್ತದೆ. ಅದಕ್ಕೇ ಪ್ರತಿ ಸಲ ಫೋನು ಮಾಡಿದಾಗಲೂ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: “ಯಾರೂ ತಪ್ಪಿಸ್ಬೇಡಿ, ಒಬ್ರು ಕಮ್ಮಿ ಆದ್ರೆ ಬೇರೆಯವರಿಗೆ ಭಾರ.” ಅವರಿಗೂ ಅದು ರೂಢಿಯಾಗಿತ್ತು. ಬೆಂಚಿನ ಮೇಲೆ ಕೂತು, ನಾವು ಒಂದೇ ಬಾಟಲಿಯವರು ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು.

ಎಂಟು ಜನ. ತಲಘಟ್ಟಪುರದಿಂದ ಬರುತ್ತಿದ್ದ ನಿವೃತ್ತ ಬಸ್ ಡ್ರೈವರು, ಬೊಮ್ಮನಹಳ್ಳಿಯ ಗಾರ್ಮೆಂಟ್ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಕೂರುವ ವಾಚ್‌ಮನ್, ಇನ್ನೂ ಕೆಲವರು. ಅವರಲ್ಲಿ ನಾನು ಹೇಳಬೇಕಾದದ್ದು ಬನಶಂಕರಿ ಎರಡನೇ ಹಂತದ ಕುಚ್ಚು ಕಟ್ಟುವ ಅಮ್ಮನ ಕಥೆ. ಸೀರೆಯ ಸೆರಗಿನ ತುದಿಯ ಬಿಡಿ ಎಳೆಗಳನ್ನು ಗಂಟು ಹಾಕಿ, ಮಣಿ ಪೋಣಿಸಿ ಕುಚ್ಚು ಕಟ್ಟುವುದು ಅವರ ಕಸುಬು. ಮದುವೆ ಕಾಲದಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಿಂದ ಸೀರೆಗಳ ಗಂಟು ಮನೆಗೇ ಬರುತ್ತಿತ್ತಂತೆ. ಎಡಗಣ್ಣು ಇದೇ ಕಾಯಿಲೆಯಿಂದ ಮೊದಲೇ ಹೋಗಿತ್ತು, ಅವರು ನಮ್ಮಲ್ಲಿಗೆ ಬರುವ ಮುನ್ನವೇ. ಬಲಗಣ್ಣೊಂದೇ. ಅದನ್ನು ನಮ್ಮ ಗುರುವಾರಗಳು ಕಾಯುತ್ತಿದ್ದವು.

ಅವರ ಜೊತೆಗೆ ಯಾವಾಗಲೂ ಅವರ ವಾರಗಿತ್ತಿ ಬರುತ್ತಿದ್ದರು. ಇಬ್ಬರ ಗಂಡಂದಿರೂ ತೀರಿಹೋಗಿ, ಒಂದೇ ಮನೆಯಲ್ಲಿ ಒಂದೇ ಒಲೆಯಲ್ಲಿ ಇರುವವರು. ಬೆಂಚಿನ ಮೇಲೆ ಕೂತರೆ ಅವರಿಬ್ಬರ ಜಗಳ ಕೇಳುವುದೇ ಉಳಿದವರಿಗೆ ಕಾಲಕ್ಷೇಪ. “ನಮ್ಮಕ್ಕಂಗೆ ಗೋಡೆ ಕ್ಯಾಲೆಂಡರ್ ಕಾಣಲ್ಲ ಮೇಡಂ, ನಾನು ಸಾರಿಗೆ ಜಾಸ್ತಿ ಹಾಕಿದ ಎಣ್ಣೆ ಮಾತ್ರ ಕಾಣುತ್ತೆ” ಎಂದು ವಾರಗಿತ್ತಿ ಹೇಳಿದರೆ, ಕುಚ್ಚಿನ ಅಮ್ಮ ತಿರುಗಿಯೂ ನೋಡದೆ, ಅಷ್ಟೆಣ್ಣೆ ಹಾಕಿದರೆ ಎರಡು ಕಣ್ಣೂ ಇಲ್ಲದವರಿಗೂ ಕಾಣುತ್ತದೆ ಎನ್ನುತ್ತಿದ್ದರು.

ಇನ್ಸ್‌ಪೆಕ್ಟರು ನನ್ನ ಮಾತು ಪೂರ್ತಿ ಕೇಳಿದರು. ಡಾಕ್ಟರು ಬರೆದುಕೊಡುವುದರ ಬಗ್ಗೆ ತಮ್ಮ ತಕರಾರು ಇಲ್ಲ ಎಂದರು. ತಮ್ಮ ಪ್ರಶ್ನೆ ಬೇರೆ: ಒಂದು ಬಾಟಲಿಯನ್ನು ಎಂಟು ಸಿರಿಂಜು ಮಾಡಿದರೆ ಅದು ಔಷಧ ಕೊಡುವುದೋ, ಔಷಧ ತಯಾರಿಸುವುದೋ? ಎಲ್ಲಿ ತುಂಬುತ್ತೀರಿ, ಯಾರ ಹೊಣೆಯಲ್ಲಿ, ಕ್ರಿಮಿ ಇಲ್ಲವೆಂದು ಯಾರು ಪರೀಕ್ಷಿಸಿದರು, ಇದು ಒಪ್ಪಿಗೆ ಇಲ್ಲದ ಬಳಕೆ ಎಂದು ರೋಗಿಗೆ ಹೇಳಿದ್ದೀರಾ? ಇದೆಲ್ಲ ಕಾಗದದ ಮೇಲೆ ಇರಲಿ, ಮುಂದಿನ ಸಲ ನೋಡುತ್ತೇನೆ ಎಂದು ಕಾಫಿ ಕುಡಿದು ಹೊರಟರು. ನಿಲ್ಲಿಸಿ ಎಂದು ಅವರು ಹೇಳಲಿಲ್ಲ. ನಿಲ್ಲಿಸಿದವರು ನಮ್ಮ ಆಡಳಿತಾಧಿಕಾರಿ. ಬೇರೆಲ್ಲೋ ಇಂಥ ಇಂಜೆಕ್ಷನ್ನಿನಿಂದ ಸೋಂಕಾಗಿ ಕೆಲವರ ಕಣ್ಣು ಹೋದ ಸುದ್ದಿ ಅವರ ಫೋನಿಗೆ ಬಂದಿತ್ತು. ಪದ್ಧತಿ ಬರೆದು ಆಸ್ಪತ್ರೆಯ ನೀತಿ ಸಮಿತಿ ಒಪ್ಪುವ ತನಕ ಒಂದು ಬಾಟಲಿಯನ್ನೂ ತೆರೆಯಕೂಡದು ಎಂದು ಆ ಮಧ್ಯಾಹ್ನವೇ ಹೇಳಿಬಿಟ್ಟರು.

ಪದ್ಧತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತೊಡಕು ಲ್ಯಾಮಿನಾರ್ ಎಂದು ನಾವು ಕರೆಯುವ ಗಾಜಿನ ಪೆಟ್ಟಿಗೆ. ಶೋಧಿಸಿದ ಗಾಳಿ ಒಳಗಿನಿಂದ ಹೊರಗೆ ಬೀಸುತ್ತಿರುತ್ತದೆ, ಹಾಗಾಗಿ ನಮ್ಮ ಉಸಿರು, ಧೂಳು ಔಷಧದ ಮೇಲೆ ಬೀಳುವುದಿಲ್ಲ. ಅದರ ಶೋಧಕವನ್ನು ಪರೀಕ್ಷಿಸಲು ಬಂದವನು ಅಂಚಿನಲ್ಲಿ ಗಾಳಿ ಸೋರುತ್ತಿದೆ ಎಂದ. ಹೊಸದು ಬರಲು ದಿನಗಳು ಹಿಡಿದವು. ಆಮೇಲೆ ತುಂಬುವ ಕ್ರಮ ಬರೆದೆ: ಕೈ ತೊಳೆಯುವುದರಿಂದ ಹಿಡಿದು ಬಾಟಲಿಯ ರಬ್ಬರಿಗೆ ಒಂದೇ ಸಲ ಚುಚ್ಚುವವರೆಗೆ. ಸೋಮವಾರ ತುಂಬಿ, ಬಾಯಿ ಮುಚ್ಚಿದ ಸಿರಿಂಜುಗಳನ್ನು ಗುರುವಾರದ ತನಕ ಫ್ರಿಜ್ಜಿನಲ್ಲಿಡುವುದು. ಎರಡು ಸಿರಿಂಜುಗಳನ್ನು ಹೊರಗಿನ ಲ್ಯಾಬಿಗೆ ಕಳಿಸುವುದು. ಅಲ್ಲಿ ಅವುಗಳ ಔಷಧವನ್ನು ಕ್ರಿಮಿ ಬೆಳೆಸುವ ತಿಳಿಯಾದ ದ್ರವದ ಕೊಳವೆಗಳಲ್ಲಿ ಹಾಕಿಡುತ್ತಾರೆ. ಗುರುವಾರ ಬೆಳಿಗ್ಗೆಗೂ ದ್ರವ ತಿಳಿಯಾಗಿಯೇ ಇದ್ದರೆ ಸರಿ, ಕದಡಿದರೆ ಆ ಬಾಟಲಿಯ ಅಷ್ಟನ್ನೂ ಎಸೆಯುವುದು. ಬಿಡುಗಡೆಯ ಸಹಿ ಔಷಧ ವಿಭಾಗದ್ದು, ಇಂಜೆಕ್ಷನ್ ಕೊಡುವ ಡಾಕ್ಟರು ಅದಕ್ಕೆ ಒತ್ತಾಯ ಮಾಡುವಂತಿಲ್ಲ. ಈ ಕೊನೆಯ ಸಾಲನ್ನು ಬರೆಸಿದವರು ನಮ್ಮ ಡಾಕ್ಟರೇ. ಕಣ್ಣ ಮುಂದೆ ರೋಗಿ ಕೂತಿದ್ದಾಗ ತನಗೆ ಬುದ್ಧಿ ನೆಟ್ಟಗಿರುವುದಿಲ್ಲ ಎಂದರು.

ಸಮಿತಿ ಸೇರುವುದೇ ಒಂದು ಕಷ್ಟ. ಒಬ್ಬರಿಗೆ ಕೋರ್ಟು, ಇನ್ನೊಬ್ಬರಿಗೆ ಮೊಮ್ಮಗನ ನಾಮಕರಣ. ಕೊನೆಗೂ ಸೇರಿದ ದಿನ, ಜನರ ಪರವಾಗಿ ಕೂತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು:

“ಒಪ್ಪಿಗೆ ಇಲ್ಲ ಅಂದ್ರೆ ಇದು ಕೆಟ್ಟದ್ದು ಅಂತಲಾ, ಕಣ್ಣಿಗೂ ಕೊಡ್ತೀವಿ ಅಂತ ಕಂಪನಿ ಅರ್ಜಿ ಹಾಕಿಲ್ಲ ಅಂತಲಾ?”

“ಎರಡನೇದು ಸಾರ್” ಎಂದರು ಡಾಕ್ಟರು.

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎರಡೂ ಒಂದೇ ಥರ ಕಾಣುತ್ತೆ” ಎಂದರು ಸಮಿತಿಯಲ್ಲಿದ್ದ ವಕೀಲರು.

ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಒಂದು ಗುರುವಾರವಲ್ಲ, ಕೆಲವು ಗುರುವಾರಗಳು ಕಳೆದುಹೋಗಿದ್ದವು. ಉಳಿದವರಿಗೆ ಇನ್ನೊಂದು ಕಣ್ಣಾದರೂ ಇತ್ತು. ಕುಚ್ಚಿನ ಅಮ್ಮನಿಗಾಗಿ ಡಾಕ್ಟರು ಪರಿಚಯದವರಲ್ಲಿ ಕೇಳಿ, ಕಣ್ಣಿಗೆಂದೇ ಇರುವ ಔಷಧದ ಒಂದು ಸ್ಯಾಂಪಲ್ ತರಿಸಿ ಹಾಕಿದ್ದರು. ಅದರ ಗುಣ ಒಂದು ತಿಂಗಳು, ಹೆಚ್ಚೆಂದರೆ ಇನ್ನೊಂದು ವಾರ.

ಇನ್ನು ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು, ಅತ್ತೆಗೆ ಹೇಳುವುದಾದರೆ ಹೇಗೆ ಹೇಳುತ್ತಿದ್ದೆನೋ ಹಾಗೆ ಕನ್ನಡದಲ್ಲಿ ಬರೆದೆ. ಈ ಔಷಧಕ್ಕೆ ಒಪ್ಪಿಗೆ ಇರುವುದು ಕ್ಯಾನ್ಸರಿಗೆ. ಕಣ್ಣಿಗೆ ಕೊಡಲು ಒಪ್ಪಿಗೆ ಪಡೆದಿಲ್ಲ. ಆದರೂ ಉಪಯೋಗವಾಗುತ್ತದೆಂದು ಡಾಕ್ಟರುಗಳು ಕೊಡುತ್ತಾರೆ. ದೊಡ್ಡ ಬಾಟಲಿಯಿಂದ ನಾವು ಇಲ್ಲೇ ತುಂಬುತ್ತೇವೆ. ಅಪರೂಪಕ್ಕೆ ಸೋಂಕಾಗಬಹುದು, ಹಾಗಾದರೆ ಕಣ್ಣು ಪೂರ್ತಿ ಹೋಗಬಹುದು. ಬೇಡ ಎನ್ನುವ ಹಕ್ಕು ನಿಮಗಿದೆ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿ ಹೇಳಿದೆ. ಇಷ್ಟು ವರ್ಷ ಅದನ್ನು ಬರೀ ಇಂಜೆಕ್ಷನ್ ಎಂದೇ ತಿಳಿದಿದ್ದವರು ಕ್ಯಾನ್ಸರ್ ಎಂಬ ಮಾತು ಬರುತ್ತಲೇ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ವಾಚ್‌ಮನ್ ತನಗೆ ಕ್ಯಾನ್ಸರ್ ಬಂದಿರುವುದನ್ನು ನಾವು ಮುಚ್ಚಿಟ್ಟಿದ್ದೇವೆಂದೇ ತಿಳಿದು ಬೆವತುಹೋದ. ಅವನಿಗೆ ನೀರು ಕೊಟ್ಟು ಮೊದಲಿನಿಂದ ಮತ್ತೆ ಹೇಳಿದೆ.

ಕುಚ್ಚಿನ ಅಮ್ಮ ಕೊನೆಯ ಸಾಲಿನ ತನಕ ಅಲ್ಲಾಡದೆ ಕೇಳಿದರು. ವಾರಗಿತ್ತಿಗೇ ತಡೆಯಲಾಗಲಿಲ್ಲ.

“ಕರುಳಿನ ಔಷಧಿ ಕಣ್ಣಿಗೆ ಹಾಕ್ತಾರಂತೆ ಅಕ್ಕ. ನಾಳೆ ಕಣ್ಣಿನ ಹನಿ ಕುಡಿ ಅಂತಾರೇನೋ.”

“ಸುಮ್ನಿರೇ. ಸೀರೆಗೆ ಅಂತ ಮಾಡಿದ ದಾರದಲ್ಲಿ ಹೂವಾನೂ ಕಟ್ಟಲ್ವಾ ನೀನು?” ಎಂದು ಅವರನ್ನು ಗದರಿ, ನನ್ನ ಕಡೆ ತಿರುಗಿದರು. “ತುಂಬೋದು ನೀವೇ ಅಲ್ವಾ ಮೇಡಂ?”

ನಾನೇ ಎಂದೆ. ಎಲ್ಲಿ ಸಹಿ ಎಂದು ಕೇಳಿದರು. ಗೆರೆಯ ಪಕ್ಕಕ್ಕೆ ಕತ್ತು ಓರೆ ಮಾಡಿ, ಅಕ್ಷರ ಅಕ್ಷರವಾಗಿ ತಮ್ಮ ಹೆಸರು ಬರೆದರು.

ಸೋಮವಾರ ಬೆಳಿಗ್ಗೆ ತುಂಬಿದೆ. ಪೆಟ್ಟಿಗೆಯ ಗಾಳಿಯನ್ನು ಅರ್ಧ ಗಂಟೆ ಮುಂಚೆಯೇ ಹಾಕಿಟ್ಟಿದ್ದೆ. ಬಳೆ ತೆಗೆದು, ಮೊಣಕೈವರೆಗೆ ತೊಳೆದು, ಗೌನು, ಟೋಪಿ, ಎರಡು ಜೊತೆ ಕೈಗವಸು. ಬಾಟಲಿಯ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗುವ ತನಕ ಕಾದೆ. ಆತುರದವರು ತಪ್ಪು ಮಾಡುವುದು ಅಲ್ಲೇ. ಒಂದೇ ಸಲ ಚುಚ್ಚಿ, ಸಿರಿಂಜು ಬದಲಿಸುತ್ತ, ಗುಳ್ಳೆ ಹೊರಗೆ ತಟ್ಟುತ್ತ, ಹತ್ತು ತುಂಬಿದೆ. ಎಂಟು ಕಣ್ಣಿಗೆ, ಎರಡು ಲ್ಯಾಬಿಗೆ. ಪಕ್ಕದಲ್ಲಿ ನಿಂತಿದ್ದ ನರ್ಸು ಪ್ರತಿಯೊಂದಕ್ಕೂ ಚೀಟಿ ಹಚ್ಚಿದಳು. ಮುಗಿಯುವ ಹೊತ್ತಿಗೆ ಕತ್ತು ಹಿಡಿದುಕೊಂಡಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಇಷ್ಟು ನೆಟ್ಟಗೆ ಈ ಕೆಲಸವನ್ನು ನಾವು ಯಾವತ್ತೂ ಮಾಡಿರಲಿಲ್ಲ.

ಗುರುವಾರ ಎಂಟೂ ಜನ ಬಂದರು. ಪಾಪೆ ಅಗಲವಾಗಲೆಂದು ಎಲ್ಲರ ಕಣ್ಣಿಗೂ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಬಹಳ ದಿನದ ಮೇಲೆ ಸೇರಿದ ಖುಷಿಗೆ ಡ್ರೈವರು ಕಡಲೆಪುರಿ ತಂದು ಹಂಚುತ್ತಿದ್ದರು. ಲ್ಯಾಬಿನ ಫೋನು ನನಗೆ ಬಂದದ್ದು ಆಗ. ಎರಡು ಕೊಳವೆಗಳಲ್ಲಿ ಒಂದು ತಿಳಿಯಾಗಿದೆ, ಇನ್ನೊಂದು ಕದಡಿದೆ ಎಂದರು.

ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. ಅವರು ಮೇಜಿನ ಮೇಲಿದ್ದ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಕುಚ್ಚಿನ ಅಮ್ಮನ ಬಲಗಣ್ಣಿನ ಆ ಬೆಳಗಿನ ಸ್ಕ್ಯಾನು. ಕಣ್ಣಿನ ಪರದೆಯ ನಡುವೆ ಕಪ್ಪಗೆ ಒಂದು ಸಣ್ಣ ಉಬ್ಬು.

“ನೀರು ಬರೋಕೆ ಶುರುವಾಗಿದೆ ಮೇಡಂ. ಇವತ್ತು ಬಿಟ್ರೆ ಕಷ್ಟ.”

“ಉಳಿದ ಏಳು ಜನ ಸಾರ್?”

“ಒಂದು ಕೊಳವೆ ತಾನೇ. ಲ್ಯಾಬಲ್ಲೇ ಏನೋ ಸೇರ್ಕೊಂಡಿರುತ್ತೆ. ಉಳಿದವರಿಗೆ ಬೇಡ. ಇವರೊಬ್ಬರಿಗೆ ಕೊಡಿ, ಹೊಣೆ ನಂದು ಅಂತ ಬರ್ಕೊಡ್ತೀನಿ.”

ಅವರು ಕೆಟ್ಟವರಲ್ಲ. ಬಹುಶಃ ಅವರ ಊಹೆಯೇ ಸರಿ ಎಂದು ನನಗೂ ಅನ್ನಿಸಿತು. ನನ್ನ ಕೈ, ನನ್ನ ಪೆಟ್ಟಿಗೆ, ಸೋಮವಾರದ ಪ್ರತಿಯೊಂದು ಚಲನೆಯನ್ನೂ ಮನಸ್ಸಿನಲ್ಲಿ ತಿರುಗಿ ಮಾಡಿ ನೋಡಿದೆ. ತಪ್ಪು ಕಾಣಲಿಲ್ಲ. ಆದರೆ ಕ್ರಿಮಿ ಇದ್ದದ್ದೇ ಆದರೆ, ಸೋರುವ ಕಣ್ಣಿಗೆ ನಿಧಾನವಾಗಿ ಆಗುವುದು ಒಂದೆರಡು ದಿನದಲ್ಲಿ ಆಗಿಹೋಗುತ್ತದೆ. ಕೀವು ತುಂಬಿ ಕಣ್ಣನ್ನೇ ತೆಗೆಯಬೇಕಾಗಬಹುದು. ಅವರಿಗಿರುವುದು ಅದೊಂದೇ ಎಂಬ ಕಾರಣಕ್ಕೆ ಕೊಡಿ ಎನ್ನುತ್ತಿದ್ದರು ಡಾಕ್ಟರು. ಅದೊಂದೇ ಎಂಬ ಕಾರಣಕ್ಕೇ ನನಗೆ ಕೈ ಬರಲಿಲ್ಲ.

“ಆಗಲ್ಲ ಸಾರ್. ಆ ಸಾಲು ಬರೆಸಿದ್ದು ನೀವೇ.”

ಅವರು ಕಂಪ್ಯೂಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು, “ಬರೆಸಿದ್ದು ನಾನೇ” ಎಂದರು. ನಾನು ಸಹಿ ಹಾಕಲಿಲ್ಲ. ಎಂಟು ಸಿರಿಂಜುಗಳನ್ನೂ ನರ್ಸಿನ ಎದುರಿಗೆ ಎಣಿಸಿ ಎಸೆಯುವ ಡಬ್ಬಕ್ಕೆ ಹಾಕಿ ಮುಚ್ಚಿದೆ.

ಹೊರಗೆ ಬಂದು ಬೆಂಚಿನವರಿಗೆ ಹೇಳಬೇಕಾದದ್ದೂ ನಾನೇ. ಔಷಧದ ಮೇಲೆ ಅನುಮಾನ ಬಂದಿದೆ, ಇವತ್ತು ಹಾಕುವುದಿಲ್ಲ ಎಂದೆ. ಕಣ್ಣಿಗೆ ಹನಿ ಹಾಕಿ ಮಂಜು ಮಾಡಿ ಕೂರಿಸಿ ಈಗ ಎದ್ದು ಹೋಗಿ ಅಂದರೆ ಹೇಗೆ ಎಂದು ವಾರಗಿತ್ತಿ ಜೋರು ಮಾಡಿದರು. ತಪ್ಪಿರಲಿಲ್ಲ ಅವರದು. ಡಾಕ್ಟರು ಅಷ್ಟೂ ಜನಕ್ಕೆ, ಸರ್ಕಾರಿ ಕಣ್ಣಾಸ್ಪತ್ರೆಗೆ ಹೋಗಿ ಬೇಗ ಹಾಕಿಸಿಕೊಳ್ಳಿ ಎಂದು ಪತ್ರ ಬರೆದುಕೊಟ್ಟರು. ಕುಚ್ಚಿನ ಅಮ್ಮನ ಪತ್ರದ ಮೇಲೆ ತುರ್ತು ಎಂದು ಬರೆದು ಎರಡು ಗೆರೆ ಎಳೆದರು. ನಾನು ಅದನ್ನು ಅವರ ಕೈಗಿಟ್ಟು, ಕಾಯಬೇಡಿ, ನಾಳೆಯೇ ಹೋಗಿ ಎಂದೆ. ಬಾಗಿಲ ತನಕ ಹೋಗಿ ಎಲ್ಲರಿಗೂ ಒಟ್ಟಿಗೆ, ನಮ್ಮದು ಸರಿಹೋದ ಕೂಡಲೇ ಫೋನು ಮಾಡುತ್ತೇನೆ, ಆಗ ಯಾರೂ ತಪ್ಪಿಸಬೇಡಿ ಎಂದೂ ಹೇಳಿದೆ. ವರ್ಷಗಳಿಂದ ಹೇಳುತ್ತ ಬಂದ ಮಾತು, ತಾನಾಗಿ ಬಂತು.

ಆಮೇಲಿನ ಕೆಲಸ ಪೂರ್ತಿ ಶೋಧನೆ. ಗಾಜಿನ ಪೆಟ್ಟಿಗೆಯ ಮೂಲೆ ಮೂಲೆ, ಕೈಗವಸಿನ ಬೆರಳು, ಸ್ಪಿರಿಟ್ಟಿನ ಸೀಸೆ, ಫ್ರಿಜ್ಜಿನ ತಟ್ಟೆ, ಎಲ್ಲದರಿಂದಲೂ ಹತ್ತಿಯ ಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದೆ. ಫಲಿತಾಂಶ ಬರುವ ತನಕ ಹೊಸ ಬಾಟಲಿ ತೆರೆಯುವಂತಿಲ್ಲ. ಪತ್ರ ಕೊಟ್ಟವರಿಗೆಲ್ಲ ಫೋನು ಮಾಡಿ ಹೋದಿರಾ ಎಂದು ಕೇಳಿದೆ. ಡ್ರೈವರು ಮರುದಿನವೇ ಹೋಗಿ ಹೆಸರು ಬರೆಸಿ, ಅದೇ ವಾರದಲ್ಲಿ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ವಾಚ್‌ಮನ್ ತನಗೆ ರಜೆ ಸಿಗುವುದಿಲ್ಲ, ನಿಮ್ಮಲ್ಲೇ ಕಾಯುತ್ತೇನೆ ಎಂದ. ಕುಚ್ಚಿನ ಅಮ್ಮ ಹೋಗುತ್ತೇನೆ ಮೇಡಂ ಎಂದರು. ಮತ್ತೆ ಮಾಡಿದಾಗ, ವಾರಗಿತ್ತಿಯ ಮಂಡಿ ನೋವು ಕಡಿಮೆಯಾಗಲಿ, ಸೋಮವಾರ ಹೋಗುತ್ತೇವೆ ಎಂದರು. ಅವರ ಧ್ವನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಮಣಿ ಕುಚ್ಚಿನ ಒಂದು ಸೀರೆ ಮುಗಿಯುತ್ತಾ ಬಂದಿದೆ ಎಂದೂ ಹೇಳಿದರು. ಕಣ್ಣು ಕಾಣುತ್ತಿದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮೂರನೆಯ ವಾರ ಲ್ಯಾಬಿನಿಂದ ಕಾಗದ ಬಂತು. ನಮ್ಮ ಪೆಟ್ಟಿಗೆ, ಕೈಗವಸು, ಫ್ರಿಜ್ಜು, ಎಲ್ಲವೂ ಶುದ್ಧ. ಕದಡಿದ್ದ ಕೊಳವೆಯ ಜೊತೆಗೇ ತಯಾರಾಗಿ, ಏನೂ ಹಾಕದೆ ಇಟ್ಟಿದ್ದ ಇನ್ನೊಂದು ಕೊಳವೆಯೂ ಕದಡಿತ್ತಂತೆ. ದೋಷ ಅವರು ಬಳಸಿದ ದ್ರವದ್ದು. ನಾನು ಎಸೆದ ಎಂಟು ಸಿರಿಂಜುಗಳಲ್ಲಿ ಏನೂ ಇರಲಿಲ್ಲ ಎಂದೇ ಅದರ ಅರ್ಥ. ವಿಷಾದಿಸುತ್ತೇವೆ ಎಂದು ಕೊನೆಗೆ ಬರೆದಿದ್ದರು.

ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟು ಬಂದು ಫೋನು ಹಿಡಿದೆ. ಮೊದಲ ಕರೆ ಬನಶಂಕರಿಗೆ. ಎತ್ತಿದ್ದು ವಾರಗಿತ್ತಿ.

“ಬರ್ತಾ ಇದೀವಿ ಮೇಡಂ, ಆಟೋದಲ್ಲಿದೀವಿ. ಬೆಳಿಗ್ಗೆಯಿಂದ ಅಕ್ಕಂಗೆ ನನ್ನ ಮುಖ ಕಾಣ್ತಿಲ್ಲ.”

ಸ್ಕ್ಯಾನಿನಲ್ಲಿ ಪರದೆಯ ಹಿಂದೆ ರಕ್ತ ಹೆಪ್ಪಾಗಿ ಹರಡಿತ್ತು. ಡಾಕ್ಟರು ಅವತ್ತೇ ದೊಡ್ಡ ಆಸ್ಪತ್ರೆಯ ತಮ್ಮ ಗುರುಗಳಿಗೆ ಚಿತ್ರ ಕಳಿಸಿ ಕೇಳಿದರು. ಅಲ್ಲಿಗೂ ಕರೆದೊಯ್ದರು. ಆಪರೇಷನ್ ಮಾಡಿದರೂ ನಡುವಿನ ನೋಟ ಮರಳುವುದಿಲ್ಲ ಎಂದರು ಅಲ್ಲಿನವರು. ಅಂಚಿನ ನೋಟ ಉಳಿಯುತ್ತದೆ, ಮನೆಯೊಳಗೆ ಓಡಾಡಿಕೊಂಡಿರಬಹುದು. ಸೂಜಿಗೆ ದಾರ ಹಾಕುವ, ಎಳೆ ಎಣಿಸುವ, ಮುಖ ಗುರುತಿಸುವ ಕಣ್ಣು ಮುಗಿಯಿತು.

ಮರುದಿನ ಕಾಗದಪತ್ರಕ್ಕೆಂದು ನಮ್ಮಲ್ಲಿಗೆ ಬಂದಾಗ ಅದೇ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, ಕೇಳಬಾರದೆಂದುಕೊಂಡಿದ್ದನ್ನೂ ಕೇಳಿಬಿಟ್ಟೆ. ಪತ್ರ ಕೊಟ್ಟಿದ್ದೆವಲ್ಲ, ಯಾಕೆ ಹೋಗಲಿಲ್ಲ?

ನನ್ನ ಧ್ವನಿ ಬಂದ ಕಡೆಗೆ ಮುಖ ಮಾಡಿ, ಕಣ್ಣನ್ನು ನನ್ನ ಭುಜದಾಚೆ ಎಲ್ಲೋ ನೆಟ್ಟು ಹೇಳಿದರು.

“ಪತ್ರ ಬ್ಯಾಗಲ್ಲೇ ಇತ್ತು ಮೇಡಂ. ಡ್ರೈವರ್ ಸಾರ್ ಬೇರೆ ಕಡೆ ಹೋದ್ರು ಅಂತ ವಾಚ್‌ಮನ್ ಅಣ್ಣ ಫೋನಲ್ಲಿ ಅತ್ತ. ನಾನೂ ಹೋಗ್ಬಿಟ್ರೆ ಬಾಟ್ಲಿಗೆ ಇಬ್ರು ಕಮ್ಮಿ. ಅವನ ಕೈಲಿ ಅಷ್ಟು ಕೊಡಕ್ಕಾಗುತ್ತಾ? ಇವತ್ತೋ ನಾಳೆನೋ ನೀವು ಫೋನ್ ಮಾಡ್ತೀರಿ ಅಂತಿದ್ದೆ.”

ವಾರಗಿತ್ತಿ ಏನಾದರೂ ಅಂದಾರು ಎಂದು ಕಾದೆ. ಅವರು ಸೆರಗಿನಿಂದ ಅಕ್ಕನ ಕೆನ್ನೆಗೆ ಹತ್ತಿದ್ದ, ಪರೀಕ್ಷೆಗೆ ಹಾಕಿದ್ದ ಹನಿಯ ಹಳದಿ ಕಲೆ ಒರೆಸುತ್ತಿದ್ದರು.

ನಾನು ಔಷಧದ ಕೋಣೆಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು ಬಾಗಿಲಲ್ಲೇ ನಿಂತರು.

“ಆವತ್ತು ನೀವು ಮಾಡಿದ್ದು ಸರಿ ಮೇಡಂ. ನಿಮ್ಮ ಜಾಗದಲ್ಲಿದ್ರೆ ನಾನೂ ಅದನ್ನೇ ಮಾಡ್ಬೇಕಾಗಿತ್ತು.”

“ಮಾಡ್ತಿದ್ರಾ ಸಾರ್?”

“ಗೊತ್ತಿಲ್ಲ” ಎಂದರು.

ಸಿರಿಂಜು ಎಸೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅದೇ ಫೋನು ನಾಳೆ ಬಂದರೆ ಮತ್ತೆ ಎಸೆಯುತ್ತೇನೆ. ನನ್ನನ್ನು ಕಾಡುವುದು ಬೇರೆ. ಗಾಳಿ, ಕೈಗವಸು, ಕೊಳವೆ, ಸಹಿ, ಇಷ್ಟೆಲ್ಲವನ್ನೂ ಪದ್ಧತಿಯಲ್ಲಿ ಬರೆದ ನಮಗೆ, ಇನ್ಸ್‌ಪೆಕ್ಟರಿಗೆ, ಸಮಿತಿಗೆ, ಬೆಂಚಿನ ಮೇಲೆ ಕೂತವರು ಒಬ್ಬರಿಗೊಬ್ಬರು ಕಟ್ಟಿಬಿದ್ದಿದ್ದಾರೆ ಎಂಬುದು ಹೊಳೆಯಲೇ ಇಲ್ಲ. ಕಟ್ಟಿದ್ದು ನಮ್ಮದೇ ಲೆಕ್ಕ.

ಪದ್ಧತಿಗೆ ಎರಡು ಸಾಲು ಸೇರಿಸಬೇಕೆಂದು ಆಡಳಿತಾಧಿಕಾರಿಯ ಬಳಿ ಹೋದೆ. ಇನ್ನು ಮುಂದೆ ಪಾಲಿನ ಲೆಕ್ಕ ಬೇಡ, ಎಷ್ಟೇ ಜನ ಬರಲಿ ಒಬ್ಬರಿಗೆ ಇಷ್ಟು ಎಂದು ಒಂದೇ ದರ, ಒಬ್ಬರೇ ಬಂದರೂ ಬಾಟಲಿ ತೆರೆಯುವುದು. ಅವರು ಪೆನ್ನು ಕೆಳಗಿಟ್ಟರು, ಆಸ್ಪತ್ರೆಗೆ ನಷ್ಟ ಎಂದರು, ಟ್ರಸ್ಟಿನವರಿಗೆ ಏನು ಹೇಳಲಿ ಎಂದರು. ಬನಶಂಕರಿಯ ಅಮ್ಮ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಹೇಳಿದೆ. ಪೆನ್ನು ಎತ್ತಿಕೊಂಡರು. ಎರಡನೆಯ ಸಾಲು ಒಪ್ಪಿಗೆ ಪತ್ರದ ಕೊನೆಗೆ: ಇಲ್ಲಿ ತಡವಾದರೆ ನೀವು ಬೇರೆ ಕಡೆ ಹಾಕಿಸಿಕೊಳ್ಳಿ, ಅದರಿಂದ ಬೇರೆ ಯಾರಿಗೂ ತೊಂದರೆಯಿಲ್ಲ.

ಮುಂದಿನ ಸೋಮವಾರ ತುಂಬಿದೆ. ಕೊಳವೆಗಳು ತಿಳಿಯಾಗಿದ್ದವು. ಗುರುವಾರ ಸಹಿ ಹಾಕಿ ಬಿಡುಗಡೆ ಮಾಡಿದೆ. ವಾಚ್‌ಮನ್ ಹೊಸ ಸಾಲನ್ನು ನನ್ನಿಂದ ಓದಿಸಿಕೊಂಡು, ಆ ಅಮ್ಮ ಯಾಕೆ ಬಂದಿಲ್ಲ ಎಂದು ಕೇಳಿದ. ಕಣ್ಣಿನೊಳಗೆ ರಕ್ತ ಬಂದಿದೆ, ಇನ್ನು ಈ ಇಂಜೆಕ್ಷನ್ ಅವರಿಗೆ ಉಪಯೋಗವಿಲ್ಲ ಎಂದೆ. ಉಳಿದದ್ದನ್ನು ಅವನಿಗೆ ಹೇಳಲಿಲ್ಲ. ಹೇಳಬಾರದೆಂದು ಹಿಂದಿನ ದಿನವೇ ಡಾಕ್ಟರೂ ನಾನೂ ಮಾತಾಡಿಕೊಂಡಿದ್ದೆವು.

ಸಂಜೆ ಬರುವಾಗ ಮಾರ್ಕೆಟ್ಟಿನಲ್ಲಿ ದಂಟಿನ ಸೊಪ್ಪು ತಂದೆ. ರಾತ್ರಿಗೆ ಅದರ ಹುಳಿ, ಅನ್ನ, ಸುಟ್ಟ ಹಪ್ಪಳ. ಅತ್ತೆಗೆ ಮೆತ್ತಗೆ ಕಲಸಿ ಕೊಟ್ಟೆ. ಇವತ್ತು ಎಷ್ಟು ಜನ ಬಂದಿದ್ದರು ಎಂದು ಯಜಮಾನರು ಕೇಳಿದರು. ಆರು ಎಂದೆ. ಅವರು ನನ್ನ ತಟ್ಟೆಗೂ ಮಜ್ಜಿಗೆ ಹಾಕಿದರು. ಉಂಡೆ ಎನ್ನುವುದಕ್ಕೆ ಉಂಡೆ. ದಿನವೂ ಅತ್ತೆ ಮಲಗಿ, ಅವರು ಮಲಗಿ, ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆ ದೀಪ ಆರಿಸಿ ಬರುವವಳು ನಾನು. ಆ ರಾತ್ರಿ ಹೆಪ್ಪು ಹಾಕುವುದನ್ನು ಯಜಮಾನರಿಗೆ ಹೇಳಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಮಲಗಿದೆ.